ಹದಿನೇಳು ಶೇಂಗಾ ಬೀಜದಷ್ಟು ಹಗುರ

ನಿನ್ನೆ ಸಂಜೆ ಕೊರಿಯರಿನವನು ಕೊಟ್ಟುಹೋದ ಪೆಟ್ಟಿಗೆಯನ್ನು ಅಡುಗೆಮನೆಯ ಚಾಕುವಿನಿಂದ ಸೀಳಿ ಮುಚ್ಚಳ ತೆಗೆದೆ. ಹೊಸ ರಬ್ಬರು, ಅಂಟು, ಬಟ್ಟೆ ಎಲ್ಲ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಶೂ ಎತ್ತಿಕೊಂಡರೆ ಕೈಯಲ್ಲಿ ಏನೂ ಇಲ್ಲದ ಹಾಗೆ. ಅದರ ಅಟ್ಟೆಯ ಬಿಳಿ ನೊರೆಯಂಥ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಮಂಡಕ್ಕಿ ಒತ್ತಿದಂತಾಯಿತು. ಅಷ್ಟೇ ಸಾಕಾಯಿತು. ಹನ್ನೆರಡು ವರ್ಷದ ಹಿಂದಿನ ಒಂದು ಹಿತ್ತಾಳೆ ತಕ್ಕಡಿ ಕಣ್ಣ ಮುಂದೆ ಬಂದು ತೂಗಾಡತೊಡಗಿತು, ಈ ಐವತ್ತಮೂರನೇ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಯಿತು.

ನಾನು ಭೌತಶಾಸ್ತ್ರದ ಮೇಷ್ಟ್ರು. ತೂಕ, ವೇಗ, ಘರ್ಷಣೆ ಇವುಗಳ ಬಗ್ಗೆ ಯಾರಾದರೂ ಕೇಳಿದರೆ ಬಿಡುವವನಲ್ಲ, ಕೇಳದಿದ್ದರೂ ಬಿಡುವವನಲ್ಲ. ನಲವತ್ತರ ಹೊಸ್ತಿಲಲ್ಲಿ ಹೊಟ್ಟೆ ಮುಂದೆ ಬಂದಾಗ ಡಾಕ್ಟರು ನಡೆಯಿರಿ ಎಂದರು. ನಾನು ನಡೆಯುವುದನ್ನು ಬಿಟ್ಟು ಓಡಲು ಶುರುಮಾಡಿದೆ, ಓಡುವುದಕ್ಕಿಂತ ಹೆಚ್ಚಾಗಿ ಶೂಗಳ ಬಗ್ಗೆ ಓದಲು ಶುರುಮಾಡಿದೆ. ಕಾಲಿನ ಮೇಲೆ ನೂರು ಗ್ರಾಂ ಕಡಿಮೆಯಾದರೆ ಎಷ್ಟು ಶಕ್ತಿ ಉಳಿಯುತ್ತದೆ ಎಂದು ಮನೆಯಲ್ಲಿ ಹೆಂಡತಿಗೂ ವಿವರಿಸಿದ್ದೆ. ಹೊಟ್ಟೆಯ ಮೇಲೆ ಹತ್ತು ಕಿಲೋ ಕಡಿಮೆಯಾದರೆ ಎಷ್ಟು ಉಳಿಯುತ್ತದೆ ಎಂದು ಅವಳು ಕೇಳಿದಳು. ನಾನು ಶೂಗಳ ಬಗ್ಗೆ ಇನ್ನೊಂದು ಲೇಖನ ತೆರೆದೆ.

ದಿನಾ ಬೆಳಿಗ್ಗೆ ಚಂದ್ರವಳ್ಳಿ ರಸ್ತೆಯಲ್ಲಿ ಓಡುತ್ತಿದ್ದೆ. ಅಲ್ಲಿ ಒಬ್ಬಳು ಹುಡುಗಿ ಹಿಂದಿನಿಂದ ಬಂದು ನನ್ನನ್ನು ದಾಟಿಹೋಗುತ್ತಿದ್ದಳು, ತಿರುಗಿ ಬರುವಾಗ ಎದುರಾಗುತ್ತಿದ್ದಳು, ಮತ್ತೆ ಹಿಂದಿನಿಂದ ಬಂದು ಇನ್ನೊಮ್ಮೆ ದಾಟುತ್ತಿದ್ದಳು. ಕಾಲಲ್ಲಿ ಸ್ಕೂಲಿನ ಬಿಳಿ ಕ್ಯಾನ್‌ವಾಸ್ ಶೂ, ಇಬ್ಬನಿಗೆ ನೆಂದು ಭಾರವಾದದ್ದು. ಅದರ ಸದ್ದು ಕೇಳಿದರೇ ನನಗೆ ಸಂಕಟವಾಗುತ್ತಿತ್ತು. ವಿಚಾರಿಸಿದಾಗ ನಾವು ಮಂಡಕ್ಕಿ ಕೊಳ್ಳುವ ಅಂಗಡಿಯ ತಿಪ್ಪೇಸ್ವಾಮಿಯ ಮಗಳು ಮಂಜುಳಾ ಎಂದು ಗೊತ್ತಾಯಿತು. ಡಿಗ್ರಿ ಮೊದಲ ವರ್ಷ. ಇನ್ನೆರಡು ತಿಂಗಳಿಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಮೂರು ಸಾವಿರ ಮೀಟರಿನ ಆಯ್ಕೆ ಓಟವಿತ್ತು. ಮೊದಲ ಇಬ್ಬರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಓದು, ಕೋಚು ಎಲ್ಲ. ಅವಳಿಗೆ ಆ ಸೀಟು ಬೇಕಿತ್ತು. ಬೇರೆ ಯಾವುದನ್ನೂ ಅವಳು ಅಷ್ಟು ಆಸೆಪಟ್ಟು ಕೇಳಿದ್ದಿಲ್ಲ ಎಂದು ಅವಳಪ್ಪನೇ ನನಗೆ ಹೇಳಿದ್ದ. ನಾನು ತಕ್ಷಣ ಅವಳ ಸಲಹೆಗಾರನಾದೆ. ನನ್ನನ್ನು ಯಾರೂ ನೇಮಿಸಿರಲಿಲ್ಲ ಎಂಬುದನ್ನು ನೀವು ಊಹಿಸಿಯೇ ಇರುತ್ತೀರಿ.

ಶೂ ನಾನೇ ಕೊಡಿಸುತ್ತೇನೆ ಎಂದೆ. ಪೇಟೆಯ ಅಂಗಡಿಯಲ್ಲಿ ರೇಸಿಗೆಂದೇ ಮಾಡಿದ ಹಗುರದ ಶೂ ಎರಡೇ ಜೊತೆ ಉಳಿದಿದ್ದವು, ಒಂದು ನೀಲಿ, ಒಂದು ಕಿತ್ತಳೆ. ಎರಡನ್ನೂ ಒಯ್ದು ನೋಡಿ, ಬೇಡವಾದದ್ದನ್ನು ವಾಪಸ್ ತನ್ನಿ ಎಂದು ಅಂಗಡಿಯವನು ಕೊಟ್ಟ. ಯಾವುದು ಹೆಚ್ಚು ಹಗುರ? ಕೈಯಲ್ಲಿ ಹಿಡಿದರೆ ತಿಳಿಯುತ್ತಿರಲಿಲ್ಲ. ಕಾಲೇಜಿನ ಲ್ಯಾಬಿನ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿತ್ತು, ಶೂ ಅದರೊಳಗೆ ಹಿಡಿಸಲಿಲ್ಲ. ಸರಿ, ಎರಡೂ ಪೆಟ್ಟಿಗೆಗಳನ್ನು ಕಂಕುಳಲ್ಲಿಟ್ಟುಕೊಂಡು ತಿಪ್ಪೇಸ್ವಾಮಿಯ ಅಂಗಡಿಗೆ ಹೋದೆ.

ಆ ಅಂಗಡಿಯನ್ನು ನೀವು ನೋಡಬೇಕಿತ್ತು. ಹಿಂದೆ ಮಂಡಕ್ಕಿ ಭಟ್ಟಿ, ಮುಂದೆ ಆಳೆತ್ತರದ ಮೂಟೆಗಳು, ಮಂಡಕ್ಕಿ ಅಳೆಯಲು ಸೇರು, ಶೇಂಗಾ, ಪುಟಾಣಿ, ಖಾರ ತೂಗಲು ಸೂರಿನಿಂದ ಇಳಿಬಿಟ್ಟ ಹಿತ್ತಾಳೆ ತಕ್ಕಡಿ. ಚಪ್ಪಲಿ ಹೊರಗೇ ಬಿಡಬೇಕು. ತಿಪ್ಪೇಸ್ವಾಮಿ ನೋಡಲು ಒರಟ, ಆದರೆ ಬೆಳಿಗ್ಗೆ ಬಾಗಿಲು ತೆಗೆದೊಡನೆ ಆ ತಕ್ಕಡಿಯ ಎರಡೂ ತಟ್ಟೆ ಒರೆಸಿ, ಕುಂಕುಮವಿಟ್ಟು, ಊದುಬತ್ತಿ ತೋರಿಸಿ, ಕಣ್ಣಿಗೊತ್ತಿಕೊಂಡ ಮೇಲೆಯೇ ಮೊದಲ ಗಿರಾಕಿಯನ್ನು ಮಾತನಾಡಿಸುವವನು. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ. ಅದಕ್ಕೇ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ ಎಂಬ ನೆಪವೂ ಇಲ್ಲ.

ಮಗಳ ಕಾಲಿನ ಅಳತೆ ಏನು ಎಂದು ಕೇಳಿದೆ. ಅವನು ಕೈ ಅಗಲಿಸಿ ಹಲಗೆಯ ಮೇಲಿಟ್ಟು ತೋರಿಸಿದ. “ನನ್ ಗೇಣು ಒಂದು, ಅದರ ಮ್ಯಾಲೆ ಎರಡು ಬೆರಳು ಸಾರ್.” ನಾನು ನಕ್ಕೆ. ಗೇಣು ಹಾಕಿ ಶೂ ಕೊಳ್ಳುವ ಕಾಲ ಹೋಯಿತು ಎಂದೆ. ಅವನೂ ನಕ್ಕು, ಕುಂತ್ಕಳ್ರಿ, ಬಂದೆ ಎಂದು ಮೂಟೆ ತರಲು ಹಿಂದಕ್ಕೆ ಹೋದ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನೀಲಿ ಶೂ ಒಂದು ತಟ್ಟೆಗೆ, ಕಿತ್ತಳೆ ಶೂ ಇನ್ನೊಂದಕ್ಕೆ ಇಟ್ಟೆ. ಕಿತ್ತಳೆ ಮೇಲೆದ್ದಿತು. ನನಗೆ ಹಿಗ್ಗು. ಎಷ್ಟು ಹಗುರ ಎಂದು ತಿಳಿಯಬೇಡವೇ? ಪಕ್ಕದ ಡಬ್ಬಿಯಿಂದ ಶೇಂಗಾ ಬೀಜ ತೆಗೆದು ಒಂದೊಂದಾಗಿ ಕಿತ್ತಳೆ ಶೂವಿನ ಹೊಟ್ಟೆಯೊಳಗೆ ಹಾಕುತ್ತ ಎಣಿಸಿದೆ. ಹದಿನೇಳಕ್ಕೆ ಮುಳ್ಳು ಸರಿನಿಂತಿತು. ತಲೆಯೆತ್ತಿದರೆ ತಿಪ್ಪೇಸ್ವಾಮಿ ಹೆಗಲ ಮೇಲೆ ಮೂಟೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಮೂಟೆ ಜಾರಿ ನೆಲಕ್ಕೆ ಬಿದ್ದು ಬಾಯಿ ಬಿಚ್ಚಿಕೊಂಡಿತು. ಮಂಡಕ್ಕಿ ಅಂಗಡಿಯ ತುಂಬ ಹರಡಿತು. ಅವನು ಅದರ ಕಡೆ ನೋಡಲೇ ಇಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಅವನು ಹತ್ತಿರ ಬಂದು ಎರಡೂ ಶೂಗಳನ್ನು ತೆಗೆದು ನನ್ನ ಕೈಗೆ ಕೊಟ್ಟ, ಡಬ್ಬಿಯ ಶೇಂಗಾವನ್ನು ಪೂರ್ತಿ ಹೊರಗೆ ಸುರಿದ, ತಕ್ಕಡಿಯನ್ನು ಎರಡೂ ಕೈಯಿಂದ ಕೊಕ್ಕೆಯಿಂದ ಬಿಡಿಸಿಕೊಂಡ. ನಾನು ಏನೋ ತೊದಲಿದೆ. “ಹೋಗ್ಲಿ ಬಿಡ್ರಿ ಸಾರ್. ನೀವು ಓದಿದೋರು,” ಎಂದ. ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಹೊರಗೆ ಬಂದಾಗ ಮಂಜುಳಾ ಕಾಲೇಜಿನಿಂದ ಬರುತ್ತಿದ್ದಳು. ಕಿತ್ತಳೆ ಶೂಗಳನ್ನು ಕೊಡವಿ, ಪೆಟ್ಟಿಗೆಗೆ ಹಾಕಿ, ಅವಳ ಕೈಗೆ ತುರುಕಿ, ಇದೇ ಹಗುರ, ಇದನ್ನೇ ಹಾಕಿಕೊಂಡು ಅಭ್ಯಾಸ ಮಾಡು ಎಂದಷ್ಟೇ ಹೇಳಿ, ನೀಲಿಯನ್ನು ಪೇಟೆಯ ಅಂಗಡಿಗೆ ಹಿಂತಿರುಗಿಸಿ ಮನೆ ಸೇರಿದೆ.

ತಕ್ಕಡಿ ಮೂರನೇ ದಿನ ಹೊಸ ಕುಂಕುಮದೊಂದಿಗೆ ಮತ್ತೆ ಕೊಕ್ಕೆಗೆ ಬಂತು. ತಿಪ್ಪೇಸ್ವಾಮಿ ಏನೂ ಆಗದವನಂತೆ ಬರ್ರಿ ಸಾರ್ ಎಂದು ಕರೆದು ಮಂಡಕ್ಕಿ ಕೊಟ್ಟ. ಆದರೆ ಮಂಜುಳಾ ಮಾತ್ರ ರಸ್ತೆಯಲ್ಲಿ ಅದೇ ಹಳೇ ಕ್ಯಾನ್‌ವಾಸಿನಲ್ಲಿ ಓಡುತ್ತಿದ್ದಳು. ಕೇಳಿದರೆ ತಲೆ ತಗ್ಗಿಸಿ, ಹೊಸದಲ್ಲವಾ ಸಾರ್, ಆವತ್ತಿಗೇ ಇರಲಿ ಅಂತ ಎತ್ತಿಟ್ಟಿದ್ದೇನೆ ಎಂದಳು. ಹೊಸ ಶೂವನ್ನು ಕಾಲಿಗೆ ಪಳಗಿಸಿಕೊಳ್ಳಬೇಕೆಂದು ನಾನು ಒಂದೆರಡು ಸಲ ಉಪದೇಶ ಮಾಡಿ ಸುಮ್ಮನಾದೆ. ಹಬ್ಬಕ್ಕೆಂದು ಅಂಗಿ ಎತ್ತಿಟ್ಟು, ತೊಡುವ ಹೊತ್ತಿಗೆ ಗುಂಡಿ ಹಾಕಲಾಗದೆ ಒದ್ದಾಡಿದವನು ನಾನು. ಅವಳಿಗೆ ಏನು ಹೇಳಲಿ?

ಓಟದ ದಿನ ಕ್ರೀಡಾಂಗಣದಲ್ಲಿ ಅವಳು ಕಿತ್ತಳೆ ಶೂ ಹಾಕಿಕೊಂಡು ಎದ್ದು ನಿಂತಳು. ನಾಲ್ಕು ಹೆಜ್ಜೆ ಇಟ್ಟಳು. ಕಾದ ನೆಲದ ಮೇಲೆ ನಡೆದ ಹಾಗಿತ್ತು. ಏನಾಯಿತು ಎಂದರೆ ಏನಿಲ್ಲ ಎಂದಳು. ತಿಪ್ಪೇಸ್ವಾಮಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಶೂವಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದ. “ಬೆರಳು ಒಳಗೆ ಮಡಚ್ಕಂಡೈತಲ್ಲೇ,” ಎಂದ. ಕ್ಯಾನ್‌ವಾಸ್ ತಂದಿಲ್ಲವೇ ಎಂದು ಕೇಳಿದ. ತಂದಿರಲಿಲ್ಲ. ಮೈಕಿನಲ್ಲಿ ಹೆಸರು ಕರೆಯುತ್ತಿದ್ದರು. ಅವನು ಜೇಬಿನಿಂದ ಮೂಟೆಯ ಹೊಲಿಗೆ ಕೊಯ್ಯುವ ಬ್ಲೇಡು ತೆಗೆದ. ನಾನು ಬೇಡ ಎನ್ನುವಷ್ಟರಲ್ಲಿ ಎರಡೂ ಶೂಗಳ ಮೂತಿ ನೆಲದ ಮೇಲೆ ಬಿದ್ದಿತ್ತು. ಅವಳ ಹತ್ತೂ ಬೆರಳು ಹೊರಗೆ ಬಂದವು. ನಾನು ದಂಗಾಗಿ ಆ ಎರಡು ಕಿತ್ತಳೆ ತುಂಡುಗಳನ್ನೇ ನೋಡುತ್ತ ನಿಂತೆ.

“ಈಗಿನ್ನೂ ಹಗುರಾತು ಬಿಡ್ರಿ ಸಾರ್,” ಎಂದ ತಿಪ್ಪೇಸ್ವಾಮಿ. ಅವನು ನಗುತ್ತಿರಲಿಲ್ಲ.

ಏಳೂವರೆ ಸುತ್ತು. ಐದನೇ ಸುತ್ತಿನವರೆಗೆ ಅವಳು ಮೊದಲನೆಯವಳಾಗಿದ್ದಳು. ಆಮೇಲೆ ತುಂಡಾದ ಬಟ್ಟೆಯ ಅಂಚು ಬೆರಳುಗಳನ್ನು ಗರಗಸದಂತೆ ಉಜ್ಜಿರಬೇಕು. ಹಿರಿಯೂರಿನ ಹುಡುಗಿ ಮುಂದೆ ಹೋದಳು, ಕೊನೆಯ ತಿರುವಿನಲ್ಲಿ ಹೊಳಲ್ಕೆರೆಯವಳೂ ದಾಟಿದಳು. ಮಂಜುಳಾ ಮೂರನೆಯವಳಾಗಿ ಬಂದು ಹುಲ್ಲಿನ ಮೇಲೆ ಕೂತು ಶೂ ಬಿಚ್ಚಿದಳು. ಬೆರಳು ನೋಡಲಾಗಲಿಲ್ಲ. ನಾನು ಶೂ ಎತ್ತಿಕೊಂಡು ಮೊದಲ ಬಾರಿಗೆ ಅದರ ನಾಲಿಗೆಯ ಒಳಗೆ ನೋಡಿದೆ. ಐದನೇ ನಂಬರು ಎಂದಿತ್ತು. ಅಲ್ಲಿಂದ ನೇರ ಪೇಟೆಯ ಅಂಗಡಿಗೆ ಹೋಗಿ ಮಾರಾಟವಾಗದೆ ಉಳಿದಿದ್ದ ನೀಲಿ ಜೊತೆ ತೆಗೆಸಿದೆ. ಆರು. ಅದೇ ಕಂಪನಿ, ಅದೇ ಮಾದರಿ. ಕಿತ್ತಳೆಯದು ಹಗುರವಾಗಿದ್ದದ್ದು ಅದು ಒಂದು ನಂಬರು ಚಿಕ್ಕದಾಗಿದ್ದುದರಿಂದ, ಬೇರೆ ಯಾವ ವಿಜ್ಞಾನವೂ ಅದರಲ್ಲಿರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಹದಿನೇಳು ಶೇಂಗಾ ಬೀಜಕ್ಕೆ ಒಂದು ಹುಡುಗಿಯ ಸೀಟು ಕಳೆದಿದ್ದ.

ಮಾರನೆಯ ದಿನ ಹೋಗಿ ತಿಪ್ಪೇಸ್ವಾಮಿಗೆ ತಪ್ಪೊಪ್ಪಿಕೊಂಡೆ. ಅವನು ಗಿರಾಕಿಗೆ ಸೇರಿನಲ್ಲಿ ಮಂಡಕ್ಕಿ ಅಳೆದು ಹಾಕುತ್ತಿದ್ದ. ಕೈ ನಿಲ್ಲಿಸದೆ, “ಮಂಡಕ್ಕಿ ಯಾರಾದ್ರೂ ತೂಗಿ ಮಾರ್ತಾರೇನ್ ಸಾರ್? ಅಳೀತಾರೆ,” ಎಂದ. ಅಷ್ಟೇ ಅವನು ಅಂದದ್ದು. ಮರುವರ್ಷ ಮಂಜುಳಾ ಯಾವುದೋ ದಪ್ಪ ಅಟ್ಟೆಯ, ಕಾಲಿಗೆ ಸರಿಯಾದ ಶೂ ಹಾಕಿಕೊಂಡು ಓಡಿ ಸೀಟು ಪಡೆದಳು. ನನ್ನ ಸಲಹೆ ಕೇಳಲಿಲ್ಲ. ಕಳೆದುಹೋದ ಒಂದು ವರ್ಷವನ್ನು ಅವಳು ಕಾಲೇಜು ಮುಗಿಸಿ ಬಂದು ಭಟ್ಟಿಯಲ್ಲಿ ಮೂಟೆ ಹೊಲಿಯುತ್ತ ಕಳೆದದ್ದನ್ನು ನಾನು ದಿನಾ ನೋಡಿದ್ದೆ.

ಈಗ ಅವಳು ಹೊಸದುರ್ಗದ ಕಡೆ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮುಂದಿನ ಭಾನುವಾರ ನಮ್ಮೂರಿನಲ್ಲಿ ಹತ್ತು ಕಿಲೋಮೀಟರ್ ಓಟವಿದೆ, ನಾನೂ ಹೆಸರು ಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಹೊಸ ಶೂ ಹಾಕಿದ ಕಾಲಿನ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಿದೆ. ಹತ್ತು ನಿಮಿಷಕ್ಕೆ ಅವಳ ಫೋನು. ಬೆರಳು ಆಡುತ್ತವಾ ಸಾರ್ ಎಂದು ಕೇಳಿದಳು. ತನ್ನ ಸ್ಕೂಲಿನ ಮಕ್ಕಳಿಗೂ ಅವಳು ಮೊದಲು ಕೇಳುವುದು ಅದೇ ಅಂತೆ. ಭರ್ಜರಿಯಾಗಿ ಆಡುತ್ತವೆ ಎಂದೆ. ಅವಳು ನಕ್ಕಳು. ಮಾತಿನ ಭರದಲ್ಲಿ ನಾನೂ ಅವಳನ್ನು ಕೆಣಕಿದೆ: ನಿನ್ನ ಹಾಗೆ ನಾನು ಓಟದ ದಿನದವರೆಗೆ ಪೆಟ್ಟಿಗೆಯಲ್ಲಿ ಎತ್ತಿಟ್ಟಿಲ್ಲಮ್ಮ, ಆವತ್ತು ನೀನು ಒಂದು ದಿನ ಮೊದಲು ಹಾಕಿ ನೋಡಿದ್ದರೆ ಎಂದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

“ನೋಡಿದ್ದೆ ಸಾರ್,” ಎಂದಳು. “ನೀವು ಕೊಟ್ಟ ಸಂಜೆನೇ ಹಾಕ್ಕಂಡು ನೋಡಿದ್ದೆ. ಬೆರಳು ಮಡಚ್ಕಂತಿದ್ವು. ಹೇಳಾಣ ಅಂತ ಹಿತ್ಲಿಗೆ ಹೋದೆ. ಅಪ್ಪ ಹುಣಸೆಹಣ್ಣು ಹಾಕಿ ತಕ್ಕಡಿ ತಿಕ್ತಾ ಕುಂತಿದ್ರು, ಕಣ್ಣಾಗೆ ನೀರಿತ್ತು. ನಮ್ಮಪ್ಪನ ತಕ್ಕಡಿ ಆರಿಸಿಕೊಟ್ಟಿದ್ದು ತಪ್ಪು ಅಂತ ನಾನ್ ಹೆಂಗ್ ಹೇಳ್ಲಿ ಸಾರ್?”

ಹನ್ನೆರಡು ವರ್ಷ ನಾನು ಅವಳ ಸೀಟು ಹೋದದ್ದು ಒಂದು ನಂಬರಿನ ತಪ್ಪಿನಿಂದ ಎಂದುಕೊಂಡಿದ್ದೆ. ಎರಡು ತಿಂಗಳು ಆ ಹುಡುಗಿ ಸೋಲುತ್ತೇನೆಂದು ತಿಳಿದೂ ಬಾಯಿ ಬಿಡದೆ ನನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ನಾನು ಅವಳಿಗೆ ಹೊಸ ಶೂ ಪಳಗಿಸುವ ಬಗ್ಗೆ ಉಪದೇಶ ಮಾಡುತ್ತಿದ್ದೆ. ಅಪ್ಪನಿಗೆ ಇದು ಗೊತ್ತಾ ಎಂದು ಕೇಳಿದೆ. ಇವತ್ತಿಗೂ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ ಎಂದಳು. ನನ್ನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ಕೆಮ್ಮಿದೆ.

ಕೆಮ್ಮುತ್ತ ಕೆಳಗೆ ನೋಡಿದರೆ ನನ್ನ ಕಾಲಲ್ಲಿ ಅದೇ ಹೊಸ ಶೂ. ಬೆಳಿಗ್ಗೆಯಿಂದ ನಡುಮನೆಯಲ್ಲಿ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೆ. ಹೆಂಡತಿ ಕೇಳಿದಾಗ ಹಾಕಿದ್ದೇ ತಿಳಿಯುವುದಿಲ್ಲ ಎಂದು ಹೇಳಿದ್ದೆ.

“ಮಂಜುಳಾ, ಬಲಗಾಲಿನ ಕಿರುಬೆರಳು ಒತ್ತುತ್ತೆ ಕಣಮ್ಮ,” ಎಂದೆ.

“ವಾಪಸ್ ಕಳ್ಸ್ರಿ ಸಾರ್,” ಎಂದಳು. “ಬ್ಲೇಡ್ ಹಾಕಬ್ಯಾಡ್ರಿ.”

ಫೋನಿಟ್ಟು, ಶೂ ಬಿಚ್ಚಿ, ನೆಲದ ಮೇಲೆ ಕೂತು ಕಾಲಿನ ಪಕ್ಕ ಕೈ ಅಗಲಿಸಿದೆ. ಒಂದು ಗೇಣು, ಮೇಲೆ ಮೂರು ಬೆರಳು. ಆಮೇಲೆ ಪೆಟ್ಟಿಗೆಯನ್ನು ಎಳೆದುಕೊಂಡು, ಗ್ರಾಮಿನ ಲೆಕ್ಕ ಬಿಟ್ಟು, ಅದರ ಮೇಲಿದ್ದ ನಂಬರನ್ನು ಓದಿದೆ.