ಹುಳು ಹಣ್ಣಾದಾಗ ಬರುವ ಕರೆ

ಚಿಂತಾಮಣಿಯ ಆ ವೃದ್ಧಾಶ್ರಮದಲ್ಲಿ ನನಗೆ ಮೊದಲು ಹಿಡಿಸಿದ್ದು ಬೆಡ್‌ಶೀಟುಗಳು. ನೀಲಿ ಹಾಕಿ ಒಗೆದು, ನಾಲ್ಕೂ ಮೂಲೆಗಳನ್ನು ಹಾಸಿಗೆಯಡಿ ಮಡಿಸಿ ಸಿಕ್ಕಿಸಿದ್ದರು. ನಮ್ಮ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಸಿಸ್ಟರ್‌ಗಳು ಹಾಗೇ ಮಡಿಸಲು ಕಲಿಸಿದ್ದರು. ಮೂಲೆ ಸೊಟ್ಟಗಿದ್ದರೆ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಎರಡನೆಯದಾಗಿ ಹಿಡಿಸಿದ್ದು ಅಲ್ಲಿನ ಮ್ಯಾನೇಜರ್. "ಗುಡ್ ಆಫ್ಟರ್‌ನೂನ್ ಮೇಡಂ, ಡು ಕಮ್ ಇನ್" ಎಂದು ಬಾಗಿಲು ಹಿಡಿದು ನಿಂತ. ಪಿಂಗಾಣಿ ಕಪ್ಪಿನಲ್ಲಿ ಟೀ ಬಂತು, ಸಕ್ಕರೆ ಬೇರೆ ಬಟ್ಟಲಲ್ಲಿ. ಇನ್ಸ್‌ಪೆಕ್ಷನ್ ಕೆಲಸಕ್ಕೆ ಸೇರಿದ ಮೇಲೆ ಯಾರೂ ನನಗೆ ಸಕ್ಕರೆ ಬೇರೆ ಕೊಟ್ಟಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅನುದಾನ ಪಡೆಯುವ ವೃದ್ಧಾಶ್ರಮಗಳನ್ನು ನೋಡಿ ಬಂದು ಷರಾ ಬರೆಯುವುದು ನನ್ನ ಕೆಲಸ. ಕಚೇರಿ ಚಿಕ್ಕಬಳ್ಳಾಪುರದಲ್ಲಿ. ಜೀಪು ಇದ್ದದ್ದು ಒಂದೇ, ಅದೂ ಸಾಹೇಬರ ಮಗಳ ಟ್ಯೂಷನ್‌ಗೆ ಹೋಗಿರುತ್ತಿತ್ತು. ನಾನು ಬಸ್ಸಿನಲ್ಲಿ, ಕೋಳಿ ಬುಟ್ಟಿ ಟೊಮೇಟೊ ಬುಟ್ಟಿಗಳ ನಡುವೆ, ಕರ್ಚೀಫು ಮೂಗಿಗೆ ಹಿಡಿದು ಓಡಾಡುತ್ತಿದ್ದೆ.

ಅವತ್ತು ಅಜ್ಜ ಅಜ್ಜಿಯರು ಸಾಲಾಗಿ ಕೂತು ಕೈಮುಗಿದರು. ಬೆರಳ ತುದಿಗಳು ಕಪ್ಪಾಗಿ ಬಿರುಕು ಬಿಟ್ಟಿದ್ದವು. ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ಹೇಳುವ ಹಾಗಿಲ್ಲ, ಬಿತ್ತು. "ಪುವರ್ ಥಿಂಗ್ಸ್, ವ್ಯಾಸಲೀನ್ ತರಿಸಿಕೊಡಿ" ಎಂದೆ. "ಶ್ಯೂರ್ ಮೇಡಂ" ಎಂದ. ಸ್ಯಾಟಿಸ್‌ಫ್ಯಾಕ್ಟರಿ ಎಂದು ಬರೆದು ಸಹಿ ಹಾಕಿ, ಇಂಥ ಜನ ಇನ್ನೂ ಇದ್ದಾರಲ್ಲ ಎಂದುಕೊಳ್ಳುತ್ತಾ ಬಸ್ಸು ಹತ್ತಿದೆ.

ಹಿತ್ತಲಿನ ಶೆಡ್ಡಿನಲ್ಲಿ ಹುಣಸೆಹಣ್ಣಿನ ರಾಶಿ ಇತ್ತಂತೆ. ಬೆಳಗಿನಿಂದ ಕತ್ತಲಾಗುವವರೆಗೆ ಆ ಮುದುಕರು ಮಂಡಿಯ ಯಾವನೋ ವ್ಯಾಪಾರಿಗಾಗಿ ಅದನ್ನು ಕುಟ್ಟಿ, ಬೀಜ ಬಿಡಿಸುತ್ತಿದ್ದರಂತೆ. ಹೆಚ್ಚು ಬಿಡಿಸಿದವರಿಗೆ ಹೆಚ್ಚು ಸಾರು. ದೂರು ಬಂದು, ಆ ಆಶ್ರಮ ಮುಚ್ಚಿ, ಅವರನ್ನೆಲ್ಲ ಗೌರಿಬಿದನೂರಿನ ಇನ್ನೊಂದು ಆಶ್ರಮಕ್ಕೆ ಲಾರಿಯಲ್ಲಿ ಕಳಿಸುವಾಗ ನಾನು ಅಲ್ಲಿ ನಿಂತಿದ್ದೆ. ಲಾರಿ ಹತ್ತಲು ನನ್ನ ಭುಜ ಹಿಡಿದುಕೊಂಡ ಒಬ್ಬ ಅಜ್ಜ ಕಿವಿಯ ಹತ್ತಿರ ಹೇಳಿದ:

"ವ್ಯಾಸ್ಲೀನು ಬರ್ಲೇ ಇಲ್ಲ ಕಣಮ್ಮ."

ಬೈದಿದ್ದಲ್ಲ ಅದು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆಮೇಲೆ ನಾನು ಬದಲಾದೆ. ಟೀ ಮುಟ್ಟುತ್ತಿರಲಿಲ್ಲ. ಎಲ್ಲೇ ಹೋದರೂ ಮೊದಲು ಹಿತ್ತಲು, ಆಮೇಲೆ ಅಡುಗೆಮನೆ. ತಿಳಿಸದೆ ಹೋಗುತ್ತಿದ್ದೆ. ಇನ್ನು ಯಾರೂ ನನ್ನನ್ನು ಫೂಲ್ ಮಾಡಲಾರರು ಎಂದು ಹಲ್ಲು ಕಚ್ಚಿದ್ದೆ. ಹಾಗೆ ಹಲ್ಲು ಕಚ್ಚಿಕೊಂಡೇ ಒಂದು ಬೆಳಿಗ್ಗೆ ಶಿಡ್ಲಘಟ್ಟ ದಾಟಿ ದಿಬ್ಬೂರಹಳ್ಳಿಯ ಕಡೆಯ ಒಂದು ಪುಟ್ಟ ಆಶ್ರಮಕ್ಕೆ ಇಳಿದೆ.

ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಉದ್ದನೆಯ ಮನೆ ಅದು. ಊರಿನ ಕೆಲವರು ಸೇರಿ ನಡೆಸುತ್ತಿದ್ದರು. ಬೆಡ್‌ಶೀಟಿನ ಬದಲು ಹರಕು ಸೀರೆ ಸೇರಿಸಿ ಹೊಲೆದ ಕೌದಿಗಳು. ಮಂಚಗಳೆಲ್ಲ ಖಾಲಿ! ಪಾರ್ಶ್ವವಾಯು ಬಡಿದ ಒಬ್ಬ ಅಜ್ಜ ಮಾತ್ರ ಮಲಗಿದ್ದ, ಪಕ್ಕದಲ್ಲಿ ಅಡುಗೆಗೂ ಆರೈಕೆಗೂ ಇದ್ದ ಒಬ್ಬಳೇ ಆಯಮ್ಮ ಅವನಿಗೆ ಗಂಜಿ ಕುಡಿಸುತ್ತಿದ್ದಳು.

"ಎಲ್ಲಿ ಎಲ್ಲರೂ?"

"ಎದುರುಮನೇಲಿ ಹುಳ ಹಣ್ಣಾಗೈತೆ ಮೇಡಂ. ಕರ್ದಿದ್ರು, ಹೋಗವ್ರೆ."

ಅಷ್ಟು ಸಲೀಸಾಗಿ ಹೇಳಿದಳು! ನನ್ನ ಕಣ್ಣ ಮುಂದೆ ಹುಣಸೆಹಣ್ಣಿನ ರಾಶಿ ಬಂತು. ರಸ್ತೆ ದಾಟಿ ಎದುರುಮನೆಗೆ ನುಗ್ಗಿದೆ. "ಕಾಲು ತೊಳ್ಕೊಂಡ್ ಬನ್ನಿ ಮೇಡಂ, ಹುಳುಮನೆ" ಎಂದು ಆ ಮನೆಯ ಸೊಸೆ ಚೊಂಬು ಹಿಡಿದು ಬಂದಳು. ತೊಳೆದುಕೊಂಡೆ, ಅಷ್ಟು ಮ್ಯಾನರ್ಸ್ ಇತ್ತು.

ಒಳಗೆ ಸೊಪ್ಪಿನ ಹಸಿ ವಾಸನೆ. ನಮ್ಮ ಆಶ್ರಮದ ಅಜ್ಜ ಅಜ್ಜಿಯರು ದೊಡ್ಡ ದೊಡ್ಡ ಬಿದಿರಿನ ತಟ್ಟೆಗಳ ಸುತ್ತ ಕೂತು, ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದರು. ಮೇವು ಬಿಟ್ಟು, ಮೈ ಹೊನ್ನಿನ ಬಣ್ಣಕ್ಕೆ ತಿರುಗಿ, ಬೆಳಕು ಆಚೆ ಕಾಣುವ ಹಾಗಾದರೆ ಹುಳು ಹಣ್ಣಾಯಿತೆಂದು ಲೆಕ್ಕ. ಎಲ್ಲವೂ ಒಟ್ಟಿಗೇ ಹಣ್ಣಾಗಿಬಿಡುತ್ತವೆ. ತಡಮಾಡಿದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಹಾಳು. ಅದಕ್ಕೇ ಅವತ್ತು ಊರಿಗೆ ಊರೇ ಕೈ ಕೊಡಬೇಕು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಅವತ್ತು ಕೇಳಿದ ಪ್ರಶ್ನೆ ಒಂದೇ.

"ಕೂಲಿ ಎಷ್ಟು ಕೊಡುತ್ತಾರೆ?"

ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಿದ್ದ ಒಬ್ಬ ಅಜ್ಜಿ ತಲೆಯೆತ್ತಿದಳು. ಬೋಳು ಹಣೆ, ಬೊಚ್ಚು ಬಾಯಿ, ಬೆರಳ ಮೇಲೆ ಒಂದು ಹುಳು.

"ಕೂಲಿನಾ? ಏನ್ ಮಾತು ಅಂತ ಆಡ್ತೀಯಮ್ಮ? ಕರ್ದ ಮನೆಗ್ ಬಂದು ಕೂಲಿ ಇಸ್ಕೊಂತಾರಾ?"

"ಹಾಗಾದರೆ ಫ್ರೀಯಾಗಿ ದುಡಿಸುತ್ತಾರಾ?"

"ಊಟ ಹಾಕ್ತಾರೆ. ಎಲೆಅಡ್ಕೆ, ರವಿಕೆ ಕಣ ಕೊಡ್ತಾರೆ. ನನ್ ಗಂಡ ಹೋದ್ ಮ್ಯಾಲೆ ಮದ್ವೆ ಮನೆಗೆ ಯಾರೂ ಕರೀಲಿಲ್ಲ ಕಣಮ್ಮ. ಹುಳ ಹಣ್ಣಾದ್ರೆ ಮಾತ್ರ ಹೊಸ್ಲತ್ರ ಬಂದು ಕರೀತಾರೆ. ನನ್ ಕಣ್ಣಂಥ ಕಣ್ಣು ಈ ಬೀದೀಲಿ ಇಲ್ಲ, ಕೇಳು ಬೇಕಾದ್ರೆ."

"ಕೇಳ್ಬೇಡಿ ಮೇಡಂ, ಸಾಯಂಕಾಲದ್ ತನಕ ಹೇಳ್ತಾಳೆ" ಎಂದಳು ಸೊಸೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೂಲಿ ಕೊಟ್ಟಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ ನನಗೆ. ಅಜ್ಜಿ ಹೆಮ್ಮೆಯಿಂದ ಹೇಳಿದ ಮಾತೇ ನನ್ನ ಲೆಕ್ಕದಲ್ಲಿ ಆಶ್ರಮದವರ ಮೇಲಿನ ಅತಿ ದೊಡ್ಡ ಆರೋಪವಾಯಿತು. ನಿವಾಸಿಗಳನ್ನು ಸಂಬಳವಿಲ್ಲದೆ ಹೊರಗೆ ದುಡಿಮೆಗೆ ಕಳಿಸಲಾಗುತ್ತಿದೆ, ಕೂಡಲೇ ನಿಲ್ಲಿಸದಿದ್ದರೆ ಅನುದಾನ ತಡೆಹಿಡಿಯುವುದು ಎಂದು ಬರೆದೆ. ಚೆನ್ನಾಗಿಯೇ ಬರೆದೆ. ನನ್ನ ಹ್ಯಾಂಡ್‌ರೈಟಿಂಗ್‌ಗೆ ಕಾನ್ವೆಂಟಿನಲ್ಲಿ ಪ್ರೈಜ್ ಬಂದಿತ್ತು.

ಮುಂದಿನ ಸಲ ಹೋದಾಗ ಗೇಟಿಗೆ ಬೀಗ. ಒಳಗೆ ಎಲ್ಲರೂ ಅವರವರ ಮಂಚದ ಮೇಲೆ. ಕೌದಿಗಳು ಮಾಯವಾಗಿ ಬಿಳೀ ಬೆಡ್‌ಶೀಟು ಬಂದಿತ್ತು. ನನಗೆ ಏನೋ ಗೆದ್ದಂತೆ ಅನ್ನಿಸಿತು, ನಿಜ ಹೇಳಬೇಕೆಂದರೆ. ಆ ಅಜ್ಜಿ ಮಾತ್ರ ಗೇಟಿನ ಒಳಗಡೆಯ ಕಲ್ಲುಚಪ್ಪಡಿಯ ಮೇಲೆ, ಎದುರುಮನೆಗೆ ಮುಖ ಮಾಡಿ ಕೂತಿದ್ದಳು.

"ಊಟ ಸರಿಯಾಗಿದೆಯಾ ಅಜ್ಜಿ?"

"ಐತೆ."

"ಏನಾದರೂ ಕಂಪ್ಲೇಂಟ್?"

"ನಾನೇನ್ ತಪ್ ಮಾಡ್ದೆ ತಾಯಿ? ಆವತ್ತು ಎದುರು ಮಾತಾಡಿದ್ನಲ್ಲ, ಅದ್ಕಾ? ನನ್ ಬಾಯೇ ಅಂಥದ್ದು. ಮನ್ಸಲ್ಲಿ ಇಟ್ಕೋಬೇಡ."

ಶಿಕ್ಷೆ ಎಂದುಕೊಂಡಿದ್ದಳು. ನಾನು ಕೂತು ರೂಲ್ಸ್ ವಿವರಿಸಿದೆ: ನಿಮ್ಮ ಒಳ್ಳೆಯದಕ್ಕೇ, ಈ ವಯಸ್ಸಿನಲ್ಲಿ ಯಾರೂ ನಿಮ್ಮಿಂದ ಕೆಲಸ ಮಾಡಿಸಬಾರದು, ರೆಸ್ಟ್ ತೆಗೆದುಕೊಳ್ಳಬೇಕು. ತಲೆಯಾಡಿಸಿದಳು. ಅಷ್ಟರಲ್ಲಿ ಎದುರುಮನೆಯ ಸೊಸೆ ಗೇಟಿನ ಹತ್ತಿರ ಬಂದಳು. ಕಂಬಿಯೊಳಗೆ ಕೈ ತೂರಿಸಿ ಅಜ್ಜಿಯ ಭುಜ ಮುಟ್ಟಿ, "ಅವ್ವಾ, ಹುಳ ಹಣ್ಣಾಗೈತೆ" ಎಂದಳು. ಕರೆದುಕೊಂಡು ಹೋಗುವ ಹಾಗಿಲ್ಲ ಎಂದು ಅವಳಿಗೂ ಗೊತ್ತಿತ್ತು. ಹೊಸ್ತಿಲಿಗೆ ಬಂದು ಕರೆಯುವ ಪದ್ಧತಿ, ಅದನ್ನಾದರೂ ತಪ್ಪಿಸಬಾರದೆಂದು ಬಂದಿದ್ದಳು. ಅಜ್ಜಿ, "ಹೋಗು ಹೋಗು, ಕೆಲ್ಸ ನೋಡು, ಸೊಪ್ಪಲ್ಲೇ ನೂಲ್ ಬಿಟ್ಟಾವು" ಎಂದು ಗದರಿಸಿ ಕಳಿಸಿದಳು. ಆಯಮ್ಮ ನನ್ನ ಮುಖ ನೋಡಲಿಲ್ಲ.

ಬಸ್ಸಿನಲ್ಲಿ ಬರುತ್ತಾ ನನಗೆ ತಪ್ಪಿನ ಅರಿವು ಶುರುವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಸುಮಾರು ದಿನ ಆ ಕೈ, ಆ ಕಂಬಿ ಮಾತ್ರ ಕಾಟ ಕೊಡುತ್ತಿದ್ದವು. ಕಡೆಗೆ ಸಾಹೇಬರ ಬಳಿ ಹೋಗಿ, ಆ ಷರಾ ಸ್ವಲ್ಪ ಸಡಿಲಿಸಬಹುದೇ ಎಂದು ಕೇಳಿದೆ.

"ಏನ್ ಮೇಡಂ, ಚಿಂತಾಮಣಿ ಮರ್ತುಬಿಟ್ರಾ?" ಎಂದರು ನಗುತ್ತಾ. "ನೀವೇ ಬರ್ದಿದ್ದು, ನೀವೇ ಅಳಿಸ್ತೀರಾ? ಯಾರಾದ್ರೂ ಜವಾಬ್ದಾರಿ ತಗೊಂಡು ಕರ್ಕೊಂಡ್ ಹೋದ್ರೆ ಅದು ಬೇರೆ. ನೆಂಟರೋ, ಆಫೀಸರೋ."

ಆ ನಗುವಿಗೆ ಹೆದರಿ ಮತ್ತಷ್ಟು ಕಾಲ ತಳ್ಳಿದೆ. ಗೌರಿಬಿದನೂರಿನ ಕೆಲಸ, ಬಜೆಟ್ ಕೆಲಸ, ನನ್ನದೇ ಜ್ವರ. ನೆಪಗಳಿಗೆ ಏನು ಕೊರತೆ? ಮಾಮೂಲಿ ತಪಾಸಣೆಗೆ ಮಾತ್ರ ತಪ್ಪದೆ ಹೋಗಿ ಬರುತ್ತಿದ್ದೆ. ಕೊನೆಗೆ ಒಂದು ಭಾನುವಾರ ಅಜ್ಜಿಯನ್ನು ಕರೆದೊಯ್ಯಲೆಂದೇ ಹೋದೆ. ಅಷ್ಟರಲ್ಲಿ ಗೇಟಿಗೆ ಬೀಗ ಬಿದ್ದು ವರ್ಷದ ಮೇಲಾಗಿತ್ತು. ಎದುರುಮನೆಯಲ್ಲಿ ಹುಳು ಹಣ್ಣಾಗುವ ಹೊತ್ತು ವಿಚಾರಿಸಿಕೊಂಡೇ ಹೋಗಿದ್ದೆ. "ಬನ್ನಿ ಅಜ್ಜಿ, ನನ್ನ ಜವಾಬ್ದಾರಿ" ಎಂದು ಕೈ ಹಿಡಿದೆ. ಸೀರೆ ಬದಲಾಯಿಸಿ ಬಂದಳು. ರಸ್ತೆ ದಾಟುವಾಗ ನನ್ನ ಕೈಯನ್ನು ಬಹಳ ಗಟ್ಟಿಯಾಗಿ ಹಿಡಿದಿದ್ದಳು, ಸಂತೋಷಕ್ಕೆ ಎಂದುಕೊಂಡೆ.

ಬಾಗಿಲ ಬೆಳಕಿನಲ್ಲಿ, ಅವಳ ಹಳೆಯ ಜಾಗದಲ್ಲೇ ಕೂರಿಸಿದರು. ಕೈ ಮೊದಲಿನ ಹಾಗೇ ಚುರುಕಾಗಿ ಓಡುತ್ತಿತ್ತು. ನಾನು ನೋಡುತ್ತಾ ನಿಂತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಆಗ ಸೊಸೆ ನನ್ನ ಸೆರಗು ಹಿಡಿದು ಮೆಲ್ಲಗೆ ಹೊರಗೆ ಎಳೆದಳು.

"ಮೇಡಂ, ಅವ್ವಂಗೆ ಕಣ್ ಕಾಣ್ತಿಲ್ಲ."

"ಏನು?"

"ಹಸೀ ಹುಳನೆಲ್ಲ ಚಂದ್ರಿಕೆಗೆ ಬಿಡ್ತಾವ್ಳೆ. ಸೊಪ್ಪು ಕಚ್ಕೊಂಡಿರೋವ್ನೂ ಬಿಡಿಸಿ ಬಿಡಿಸಿ ಬಿಡ್ತಾವ್ಳೆ. ಅವ್ವ ಹಂಗ್ ಮಾಡೋಳಲ್ಲ. ಯಾವಾಗಿಂದ ಹಿಂಗೆ?"

ರಸ್ತೆ ದಾಟಿ ಹೋಗಿ ಆಯಮ್ಮನನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಮಂಚದಿಂದ ಕಲ್ಲುಚಪ್ಪಡಿಗೆ, ಚಪ್ಪಡಿಯಿಂದ ಊಟದ ತಟ್ಟೆಗೆ. ಅಷ್ಟಕ್ಕೆ ಕಣ್ಣು ಯಾಕೆ ಬೇಕು? ಗೋಡೆ ಸವರಿಕೊಂಡು ಓಡಾಡುತ್ತಿದ್ದಳಂತೆ, ವಯಸ್ಸು ಎಂದುಕೊಂಡಿದ್ದರು. ನಾನು ಅಲ್ಲಿಗೆ ಹೋದಾಗಲೆಲ್ಲ ತೂಕ ನೋಡಿದ್ದೆ, ತಲೆಯ ಹೇನು ನೋಡಿದ್ದೆ, ಮೂಲೆ ಮಡಿಸಿದ ಬೆಡ್‌ಶೀಟು ನೋಡಿದ್ದೆ. ಕಣ್ಣು ಎಂಬ ಕಾಲಂ ನನ್ನ ಪ್ರೊಫಾರ್ಮಾದಲ್ಲಿ ಇರಲಿಲ್ಲ. ಎದುರುಮನೆಯಲ್ಲಾಗಿದ್ದರೆ ಮೊದಲ ಹಸಿ ಹುಳು ಬಿಟ್ಟಾಗಲೇ ಗೊತ್ತಾಗುತ್ತಿತ್ತು, ಈಗ ಗೊತ್ತಾದ ಹಾಗೆ.

ಮರುದಿನವೇ ಚಿಕ್ಕಬಳ್ಳಾಪುರದಲ್ಲಿ ನನಗೆ ಪರಿಚಯದ ಕಣ್ಣಿನ ಡಾಕ್ಟರ ಬಳಿ ಕರೆತಂದೆ. ಪೊರೆಯಾಗಿರಲಿ ದೇವರೇ, ಪೊರೆಯಾದರೆ ತೆಗೆಯಬಹುದು ಎಂದು, ಎಷ್ಟೋ ವರ್ಷದ ಮೇಲೆ ಕಾನ್ವೆಂಟಿನ ಹೇಲ್ ಮೇರಿ ಪ್ರಾರ್ಥನೆ ಹೇಳಿಕೊಂಡೆ. ಪೊರೆಯಲ್ಲ. ಕಣ್ಣಿನೊಳಗಿನ ಒತ್ತಡ, ಗ್ಲಾಕೋಮ. ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು. ಮೊದಲೇ ಬಂದಿದ್ದರೆ ಡ್ರಾಪ್ಸ್ ಹಾಕಿ ಇದ್ದಷ್ಟನ್ನು ಉಳಿಸಬಹುದಿತ್ತೇನೋ.

"ಇಷ್ಟು ದಿನ ಯಾರೂ ಗಮನಿಸಲಿಲ್ವಾ?" ಎಂದು ಕೇಳಿದರು.

ಅಜ್ಜಿಯೇ ಉತ್ತರ ಕೊಟ್ಟಳು. "ಹಂಗೇನಿಲ್ಲ ಸ್ವಾಮಿ, ಈ ತಾಯಿ ತಪ್ದೆ ಬಂದ್ ನೋಡ್ಕೊಂಡ್ ಹೋಗ್ತಾಳೆ."

ಆ ಷರಾ ಅಳಿಸಲು ನನ್ನಿಂದ ಕೊನೆಗೂ ಆಗಲಿಲ್ಲ. ಅದರ ಕೆಳಗೆ, ಕರೆದ ಮನೆಗೆ ಹೋಗುವುದು ದುಡಿಮೆಯಲ್ಲ, ನಿವಾಸಿಗಳ ಇಚ್ಛೆಯಿದ್ದರೆ ತಡೆಯಬಾರದು ಎಂದು ಇನ್ನೊಂದು ಬರೆದೆ. ಸಾಹೇಬರು ಎರಡನ್ನೂ ಓದಿ, "ಯಾವುದನ್ನ ನಂಬ್ಲಿ?" ಎಂದರು. ಕೆಲವು ತಿಂಗಳು ಕಳೆದ ಮೇಲೆ ಗೇಟಿನ ಬೀಗ ತೆಗೆದರು. ಮಾಡಿದ್ದು ಸರಿಯೇ ಎಂದು ಈಗಲೂ ಖಾತ್ರಿಯಿಲ್ಲ. ಅದೇ ಸಾಲನ್ನು ಹಿಡಿದುಕೊಂಡು ಆ ಚಿಂತಾಮಣಿಯವನಂಥ ಇನ್ನೊಬ್ಬ ಮ್ಯಾನೇಜರ್ "ಬಟ್ ದೇ ಲೈಕ್ ಇಟ್, ಮೇಡಂ" ಎನ್ನಬಹುದಲ್ಲ. ಹುಣಸೆ ಬಿಡಿಸಿ ಬಿರುಕು ಬಿಟ್ಟ ಆ ಬೆರಳುಗಳೂ ನನ್ನ ಲೆಕ್ಕದಲ್ಲೇ ಇವೆ.

ಆಮೇಲೂ ಹುಳು ಹಣ್ಣಾದಾಗ ಸೊಸೆ ಬಂದು ಕರೆಯುತ್ತಿದ್ದಳು. ನನಗೆ ವರ್ಗವಾಗುವ ಮುಂಚೆ ಒಮ್ಮೆ ಅಲ್ಲಿದ್ದೆ. ಅಜ್ಜಿಯ ಮುಂದೆ ಅವಳಿಗೆಂದೇ ಒಂದು ತಟ್ಟೆ ಇಟ್ಟಿದ್ದರು. ಸೊಸೆ ಮುಂಜಾನೆಯೇ ಆರಿಸಿ, ಬರೀ ಹಣ್ಣು ಹುಳುಗಳನ್ನು ಅದಕ್ಕೆ ತುಂಬಿದ್ದಳು; ಒಂದು ಎಲೆಯೂ ಇರಲಿಲ್ಲ. ಯಾವುದನ್ನು ಎತ್ತಿದರೂ ಸರಿಯೇ. ಅಜ್ಜಿ ಒಂದೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು, ನೋಡಿದ ಹಾಗೆ ಮಾಡಿ, ಚಂದ್ರಿಕೆಗೆ ಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಸೊಸೆ ನೀರಿಗೆ ಹೋದಾಗ ಅಜ್ಜಿ ನನ್ನ ಕಡೆ ವಾಲಿದಳು.

"ಬರೀ ಹಣ್ಣೇ ಇಟ್ಟವ್ಳೆ, ಅಲ್ವಾ?"

ನಾನು ಬಾಗಿಲ ಕಡೆ ನೋಡಿದೆ, ಸೊಸೆ ಇನ್ನೂ ಬಂದಿರಲಿಲ್ಲ.

"ನಂಗೊತ್ತು. ಇಷ್ಟೊಂದು ಹುಳ ಐತೆ, ಒಂದಾದ್ರೂ ಸೊಪ್ ತಿನ್ನೋ ಸದ್ದಿಲ್ಲ" ಎಂದಳು. ಆಮೇಲೆ ದನಿ ಇನ್ನೂ ತಗ್ಗಿಸಿದಳು. "ಅವಳ್ಗೆ ಹೇಳ್ಬೇಡ ತಾಯಿ. ಕರೆಯೋದ್ ಬಿಟ್ಬಿಟ್ಟಾಳು."

ಹೇಳುವುದಿಲ್ಲ ಅಜ್ಜಿ, ಎಂದೆ. ಸೊಸೆಯ ಕಾಲುಗೆಜ್ಜೆ ಕೇಳಿಸಿತು. ಅಜ್ಜಿ ಅವಸರದಲ್ಲಿ ಇನ್ನೊಂದು ಹುಳುವನ್ನೆತ್ತಿ ಬೆಳಕಿಗೆ ಹಿಡಿದಳು.