ಮೇಯರ್‌ಗೆ ಪೇಟ, ಬಿಷಪ್ಪರಿಗೆ ಊಟ

ನಮ್ಮೂರ ಮೇಯರ್ ತಲೆಗೆ ಮೈಸೂರು ಪೇಟ ಹಿಡಿಯಲಿಲ್ಲ.

ಗಣೇಶನ ಹಬ್ಬ, ದೇವಸ್ಥಾನದ ವೇದಿಕೆ. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ಪೇಟ ಮಾತ್ರ ಕಿವಿಯ ಮೇಲೇ ನಿಂತುಬಿಟ್ಟಿತು. ಫೋಟೋ ಮುಗಿಯುವ ತನಕ ನಾನು ಹಿಂದೆ ನಿಂತು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದೆ. ನೋಡಿದರೆ ಥೇಟ್ ಪಟ್ಟಾಭಿಷೇಕ. ಆ ಫೋಟೋ ಈಗ ಮೇಯರ್ ಅವರ ಚುನಾವಣಾ ಫ್ಲೈಯರಿನಲ್ಲಿದೆ. ಊರಿನ ಎಲ್ಲ ಮೇಲ್‌ಬಾಕ್ಸುಗಳಲ್ಲೂ ನಾನಿದ್ದೇನೆ. (ಯಾವ ಊರು ಎಂದು ಕೇಳಬೇಡಿ. ಪರ್ಮಿಟ್ ಇನ್ನೂ ಬಂದಿಲ್ಲ.)

ಯಾವ ಪರ್ಮಿಟ್? ಪಾರ್ಕಿಂಗ್ ಲಾಟಿನದು. ನಮ್ಮದು ವಲಸೆ ಬಂದ ಕನ್ನಡಿಗರು ಕಟ್ಟಿಕೊಂಡ ಪುಟ್ಟ ದೇವಸ್ಥಾನ, ಕಾರು ನಿಲ್ಲಿಸಲು ಜಾಗವಿಲ್ಲ. ಚಳಿಗಾಲದಲ್ಲಿ ವಯಸ್ಸಾದವರು ರಸ್ತೆಯಾಚೆ ಕಾರು ಬಿಟ್ಟು ಐಸ್ ಮೇಲೆ ನಡೆದು ಬರುತ್ತಾರೆ. ಹೋದ ವರ್ಷ ಒಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಪಕ್ಕದ ಖಾಲಿ ಜಾಗಕ್ಕೆ ಟಾರು ಹಾಕಿಸಲು ಟೌನ್‌ಶಿಪ್, ಅಂದರೆ ಇಲ್ಲಿನ ಪುರಸಭೆ, ಒಪ್ಪಬೇಕು. ಮೇಯರ್ ಮನಸ್ಸು ಮಾಡಿದರೆ ಬೇಗ ಆಗುತ್ತದೆ. ಅದಕ್ಕೇ ಪೇಟ. ಇದರಲ್ಲಿ ತಪ್ಪೇನಿದೆ, ಹೇಳಿ?

ಫೋಟೋ ತೆಗೆದವನು ಸ್ಯಾಮುವೆಲ್. ಧಾರವಾಡದ ಕ್ರೈಸ್ತ. ನಮ್ಮಿಬ್ಬರದೂ ಪಾರ್ಸಿಪನಿ ಪಟ್ಟಣದಲ್ಲಿ ಒಂದೇ ಆಫೀಸು, ದಿನವೂ ಹೋಗುವುದು ಒಂದೇ ಕಾರಿನಲ್ಲಿ. ಹಬ್ಬಕ್ಕೆ ತಪ್ಪದೆ ಬರುತ್ತಾನೆ. ಬಿಸಿಬೇಳೆಬಾತ್ ಎರಡನೆಯ ಸಲ ಬಡಿಸಿಕೊಂಡೇ ಹೋಗುತ್ತಾನೆ.

ಅವನ ಮನೆಯ ಹಿಂದೆ ಒಂದಿಷ್ಟು ಮರಗಳಿವೆ. ಅವನ್ನು ಕಡಿದು ದೊಡ್ಡ ವೇರ್‌ಹೌಸ್ ಕಟ್ಟುವ ಪ್ಲಾನ್ ಬಂದಿದೆ. ಇನ್ನು ಹಗಲೂ ರಾತ್ರಿ ಟ್ರಕ್ಕು, ಹೊಗೆ. ಅವನ ಮಗಳಿಗೆ ಆಸ್ತಮಾ. ಮೇಯರ್ ವೇರ್‌ಹೌಸ್ ಪರ. "ಟೌನ್‌ಶಿಪ್ ಮೀಟಿಂಗಲ್ಲಿ ನಿನ್ನ ಜೊತೆ ನಾನೂ ಮಾತಾಡ್ತೀನಿ ಕಣೋ" ಎಂದು ಬೇಸಿಗೆಯಲ್ಲೇ ಮಾತು ಕೊಟ್ಟಿದ್ದೆ. ಆಗಿನ್ನೂ ಪೇಟದ ಯೋಚನೆ ಇರಲಿಲ್ಲ.

ಮೀಟಿಂಗಿಗೆ ಮುಂಚೆ ಶಾಂತಾ ಆಂಟಿ ಫೋನ್ ಮಾಡಿದರು. ದೇವಸ್ಥಾನದ ಸಮಿತಿಯ ಅಧ್ಯಕ್ಷೆ. "ಸ್ಯಾಮುವೆಲ್ ಮೇಲೆ ನಂಗೂ ಪ್ರೀತಿ ಇದೆಯಪ್ಪ. ಆದ್ರೆ ಇದೊಂದು ಸಲ ಸುಮ್ನಿರು. ಪರ್ಮಿಟ್ ಬಂದ್ಮೇಲೆ ಎಷ್ಟು ಬೇಕಾದ್ರೂ ಮಾತಾಡುವಿಯಂತೆ."

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನ 287ನೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಏನಾದರೂ ಹೇಳಬೇಕಲ್ಲ ಎಂದು ಹೇಳಿಬಿಟ್ಟೆ. "ಪಾಲಿಟಿಕ್ಸ್ ಇಲ್ದೆ ಯಾವ ಧರ್ಮ ಬೆಳೆದಿದೆ ಹೇಳು? ನಿಮ್ಮದನ್ನೂ ಆ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ತಾನೆ ಬೆಳೆಸಿದ್ದು?" (ವೀಡಿಯೊ ನೋಡಿ ಬಂದ ಪಾಂಡಿತ್ಯ. ಪೂರ್ತಿ ನೋಡಿರಲಿಲ್ಲ.)

ಸ್ಯಾಮುವೆಲ್ ಸಿಟ್ಟಾಗಲಿಲ್ಲ. "ಖರೆ ಅದ. ಮೊದಲಿಂದನೂ ಅದ. ಯೇಸುನ್ನ ಶಿಲುಬೆಗೆ ಹಾಕ್ಸಿದ್ದ ಯಾರು? ರೋಮಿನ ಗವರ್ನರ್ ಪಿಲಾತ. ಯಾಕ? ಇಂವಾ ತಾನೇ ರಾಜ ಅಂತಾನ ಅಂತ. ಇವತ್ತಿಗೂ ನಮ್ಮ ಪ್ರಾರ್ಥನಾದಾಗ ಆ ಪಿಲಾತನ ಹೆಸರು ಬರ್ತದ ನೋಡು."

ಆಮೇಲೆ ಒಂದು ಕತೆ ಹೇಳಿದ. ರೋಮಿನ ಅರಸರು ಬಹಳ ಕಾಲ ಕ್ರೈಸ್ತರನ್ನು ಹಿಂಸಿಸಿದ್ದರು. ಕಾನ್‌ಸ್ಟಂಟೈನ್ ಬಂದು ಅದನ್ನು ನಿಲ್ಲಿಸಿದ, ಚರ್ಚುಗಳಿಗೆ ಹಣ ಕೊಟ್ಟ. ಬಿಷಪ್ಪರನ್ನೆಲ್ಲ ನೈಸಿಯ ಎಂಬ ಊರಿಗೆ ಕರೆಸಿ, ಯೇಸು ಯಾರು ಎಂಬ ಜಗಳವನ್ನು ಇಲ್ಲೇ ಮುಗಿಸಿ ಎಂದ. (ಅವನಿಗೇ ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ. ಆದರೂ ಸಭೆಯಲ್ಲಿ ಅವನಿಗೆ ಚಿನ್ನದ ಕುರ್ಚಿ.) ಬಂದವರಲ್ಲಿ ಕೆಲವರು ಹಿಂದಿನ ಅರಸರ ಕಾಲದಲ್ಲಿ ಒಂದು ಕಣ್ಣು ಕಳೆದುಕೊಂಡವರು. ಕೊನೆಗೆ ಅರಮನೆಯಲ್ಲಿ ಊಟ. ಬಾಗಿಲಲ್ಲಿ ಕತ್ತಿ ಹಿರಿದ ಸಿಪಾಯಿಗಳು. ಆ ಕತ್ತಿಗಳ ನಡುವೆಯೇ ಹಾದು ಹೋಗಿ ಇವರು ಊಟಕ್ಕೆ ಕುಳಿತರಂತೆ.

"ಹೋಗಬಾರದಿತ್ತು ಅಂತೀಯಾ?" ಎಂದೆ.

"ನಾ ಇದ್ರೂ ಹೋಗ್ತಿದ್ದೆ. ಒಂದು ಕಣ್ಣಂತೂ ಹೋಗ್ಯದ, ಇನ್ನೊಂದರ ಉಳೀಲಿ ಅಂತ." ಮುಂದಿನ ಕಾರು ಒಂದಿಷ್ಟು ಜರುಗಿತು. "ಆದ್ರ ಅದೇ ಸಭಾದಾಗ ಆ ತೀರ್ಮಾನಕ್ಕ ಸಹಿ ಹಾಕಂಗಿಲ್ಲ ಅಂದ ಇಬ್ಬರು ಬಿಷಪ್ಪರನ್ನ ಅರಸ ಗಡಿಪಾರು ಮಾಡಿದ. ಉಳದವ್ರು ಊಟಾ ಮಾಡಿ ಮನಿಗೆ ಹೋದ್ರು."

ನಾನು ರೇಡಿಯೊ ಹಾಕಿದೆ. ಟ್ರಾಫಿಕ್ ರಿಪೋರ್ಟ್ ಬರುತ್ತಿತ್ತು. ನಾವಿದ್ದ ಟ್ರಾಫಿಕ್ಕಿನದೇ.

ಆ ಬಿಷಪ್ಪರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಪೆಟ್ಟು ತಿಂದವರಿಗೆ ಊಟ ಹಾಕಿದವನು ದೇವರ ಹಾಗೆಯೇ ಕಾಣುತ್ತಾನೆ. ನಾವೇನು ಕಮ್ಮಿಯೇ? ವರ್ಷಗಟ್ಟಲೆ ವೀಸಾ ಸ್ಟ್ಯಾಂಪಿಗೆ ಹೆದರಿ ಬದುಕಿದವರು. ಮೇಯರ್ ಒಬ್ಬರು ನಮ್ಮ ಹೆಸರನ್ನು ಅರ್ಧಂಬರ್ಧ ಉಚ್ಚರಿಸಿದರೂ ಕರಗಿ ನೀರಾಗುತ್ತೇವೆ. ಕತ್ತಿಗೆ ಬಗ್ಗದವರು ಎಲೆ ಹಾಕಿ ಬಡಿಸಿದರೆ ಬಗ್ಗುತ್ತಾರಾ? ಈ ಪ್ರಶ್ನೆ ತಲೆಗೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ.

ಮೀಟಿಂಗಿನ ದಿನ ಸ್ಯಾಮುವೆಲ್ ಮೊದಲು ಮಾತಾಡಿದ. ಜೇಬಿನಿಂದ ಮಗಳ ಇನ್ಹೇಲರ್ ತೆಗೆದು ತೋರಿಸಿದ. ಮತ್ಯಾರಾದರೂ ಮಾತಾಡುತ್ತೀರಾ ಎಂದು ಮೇಯರ್ ಕೇಳಿದರು. ನಾನು ಎದ್ದೆ.

ಮೇಯರ್ ಗುರುತು ಹಿಡಿದರು. ಪೇಟ ಸರಿಮಾಡಿಕೊಳ್ಳುವವರ ಹಾಗೆ ತಲೆಯ ಮೇಲೆ ಕೈಯಿಟ್ಟು, "ಮೈ ಫ್ರೆಂಡ್ ವಿತ್ ದ ಟರ್ಬನ್" ಎಂದರು. ಸಭೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮೈಕಿನ ಮುಂದೆ ಹೆಸರು ಹೇಳಿದೆ, ವಿಳಾಸ ಹೇಳಿದೆ. ಹಬ್ಬಕ್ಕೆ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿದೆ. ವೇರ್‌ಹೌಸ್ ವಿಷಯದಲ್ಲಿ ಎಲ್ಲರ ಅಭಿಪ್ರಾಯವನ್ನೂ ಪರಿಗಣಿಸಬೇಕು ಎಂದೆ. (ವಾರವಾರ ಈ ಅಂಕಣದಲ್ಲಿ ಧೈರ್ಯದ ಬಗ್ಗೆ ಭಾಷಣ ಬಿಗಿಯುವವನು ಇದೇ ಮನುಷ್ಯ.) ವಾಪಸ್ ಬಂದಾಗ ಸ್ಯಾಮುವೆಲ್ ಪಕ್ಕದ ಕುರ್ಚಿಯಿಂದ ತನ್ನ ಜಾಕೆಟ್ ಎತ್ತಿಕೊಂಡು ನನಗೆ ಜಾಗ ಮಾಡಿಕೊಟ್ಟ.

ಮರುದಿನ ಬೆಳಿಗ್ಗೆ ಎಂದಿನಂತೆ ಕಾರು ಹತ್ತಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಆಫೀಸಿನ ಸುದ್ದಿ, ಈ ಸಲ ಬೇಗ ಬರುವ ಹಿಮದ ಸುದ್ದಿ. ಆಫೀಸಿನ ವಿಶಾಲವಾದ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿದೆ. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಊಟಾ ಹೆಂಗಿತ್ತಪಾ?"