ಒಂದೇ ಸೀಸೆಯ ಸುಗಂಧರಾಜ

ನನಗೆ ಸಿಟ್ಟು ಬರುವುದಿಲ್ಲ ಎಂದು ಸಿಂಧನೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಲು ಹಾಕುವವನಿಗೂ ಥ್ಯಾಂಕ್ಸ್ ಅನ್ನುವ ಸೊಸೆ ಎಂದು ಅತ್ತೆ ನೆಂಟರ ಮುಂದೆ ನಗುತ್ತಾರೆ. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ಕಲಿಸಿದ್ದು ಅದನ್ನೇ: ದನಿ ಏರಿಸಬಾರದು, ಬಾಗಿಲು ಬಡಿಯಬಾರದು, ಇನ್ನೊಬ್ಬರಿಗೆ ಮುಜುಗರವಾಗದಂತೆ ನಡೆದುಕೊಳ್ಳಬೇಕು. ನಾದಿನಿಯ ಸೀಮಂತದ ಕುಬಸ ಆದ ದಿನದಿಂದ ನನಗೆ ಆ ಹತ್ತು ವರ್ಷಗಳ ಮೇಲೆಯೇ ಸಿಟ್ಟು.

ಕಾನ್ವೆಂಟಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿ ಈಗ ಮಸ್ಕಿಯಲ್ಲಿದ್ದಾಳೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಅಪ್ಪ ಅಂಚೆ ಕಚೇರಿಯಲ್ಲಿದ್ದರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು, ಮನೆ ಊರ ಹೊರಗಿನ ಕೇರಿಯಲ್ಲಿತ್ತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮುಕ್ಕುಂದದ ಕಡೆ ಭತ್ತದ ಗದ್ದೆ. ಬೆಂಚಿನ ಮೇಲೆ ಇದ್ಯಾವುದೂ ನಮ್ಮ ನಡುವೆ ಬರಲಿಲ್ಲ. ಬರಲಿಲ್ಲ ಎಂದು ನಾನು ತಿಳಿದಿದ್ದೆ.

ಸೆಂಟಿನ ವಿಷಯದಲ್ಲಿ ಅವಳ ಮೂಗು ಬಲು ಚುರುಕು. ಹೈದರಾಬಾದಿಗೆ ಹೋದಾಗ ಒಂದು ಸೀಸೆ ಸುಗಂಧರಾಜದ ಸೆಂಟು ತಂದಿದ್ದಳು. ಅದರಲ್ಲಿ ಅರ್ಧವನ್ನು ಒಂದು ಸಣ್ಣ ಸೀಸೆಗೆ ಹಾಕಿ ನನಗೆ ಕೊಟ್ಟಳು. ಮಣಿಕಟ್ಟಿಗೆ ಹಚ್ಚಿದೊಡನೆ ನಾನು ಎರಡೂ ಕೈ ತಿಕ್ಕಿಕೊಂಡೆ.

"ಉಜ್ಜಬ್ಯಾಡಲೇ. ಏನು ಪಾತ್ರಿ ತಿಕ್ಕಾಕತ್ತೀಯೇನು?" ಎಂದಳು. "ಸುಮ್ನ ಬಿಡು. ಅದು ಎದ್ದು ಕುಂದ್ರಾಕ ಹೊತ್ತು ಬೇಕು."

ಮೊದಲಿಗೆ ನನಗೆ ಇಷ್ಟವಾಗಲಿಲ್ಲ. ಹಸಿ ದಂಟು ಮುರಿದ ವಾಸನೆ, ಅದರ ಹಿಂದೆಯೇ ಮೊಣಕಾಲಿಗೆ ಹಚ್ಚುವ ಮುಲಾಮಿನಂಥ ತಣ್ಣನೆಯ ಘಾಟು. ಸತ್ತವರ ಕೊರಳಿನ ಮಾಲೆ ನೆನಪಾಗುತ್ತದೆ ಎಂದೆ.

"ಮದುವಿ ಮಾಲಿನೂ ಅದ ಹೂವಿಂದಲ್ಲೇನು? ಯಾರ ಕೊಳ್ಳಾಗ ಬೀಳಾಕತ್ತೀನಿ ಅಂತ ಹೂವಿಗೇನ್ ಗೊತ್ತು," ಎಂದು ನಕ್ಕಳು.

ಅರ್ಧ ತಾಸು ಕಳೆದ ಮೇಲೆ ಮಣಿಕಟ್ಟು ಮೂಸಿದರೆ ಘಾಟು ಹೋಗಿತ್ತು. ಒಲೆಯ ಮೇಲೆ ಬೆಣ್ಣೆ ಕರಗುತ್ತಿದೆ, ಇನ್ನೂ ತುಪ್ಪವಾಗಿಲ್ಲ. ಆ ನಡುವಿನ ಗಳಿಗೆಯ ವಾಸನೆ ಬಂದಿತ್ತು. ಸಂಜೆಗೆ ಅದೂ ಇಳಿದು, ಬಿಸಿಲಿಗೆ ಒಣಗಿಸಿ ಮಡಿಚಿಟ್ಟ ಸೀರೆಯ ಹಾಗೆ ಮೆತ್ತಗಾಯಿತು. ಸೆಂಟನ್ನು ಹಚ್ಚಿದ ಕೂಡಲೇ ಅಳೆಯಬಾರದು ಎಂದು ಕಲಿಸಿದವಳು ಅವಳು. ಎಲ್ಲಕ್ಕಿಂತ ಹೆಚ್ಚಾಗಿ, ಕಡಿಮೆ ಹಚ್ಚಬೇಕು ಎಂದು ಕಲಿಸಿದ್ದೂ ಅವಳೇ. ಎರಡು ಹನಿ, ಅಷ್ಟೇ.

ನಾದಿನಿಯನ್ನು ಲಿಂಗಸುಗೂರಿಗೆ ಕೊಟ್ಟಿದ್ದಾರೆ. ಚೊಚ್ಚಲ ಬಸುರಿ, ಕುಬಸಕ್ಕೆ ತವರಿಗೆ ಬಂದಿದ್ದಳು. ಅಂದು ಬೆಳಿಗ್ಗೆ ನಾನು ಅವಳಿಗೆ ಹಸಿರು ಬಳೆ ತೊಡಿಸುವಾಗ ನನ್ನ ಕೈ ಹಿಡಿದು ಮೂಸಿದಳು.

"ವೈನಿ, ಎಷ್ಟು ಚಲೋ ವಾಸನಿ. ನನಗೂ ಒಂದೀಟು ಹಚ್ರಿ."

ಎರಡು ಹನಿ ಹಚ್ಚಿದೆ. ಅತ್ತೆಯೂ ಬಂದು ಮೂಸಿದರು. "ಬೆಣ್ಣಿ ಕಾಸಿದಂಗ ಐತಿ ನೋಡು," ಎಂದರು. ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದನ್ನೇ ಅವರು ಹೇಳಿದ್ದು ಕೇಳಿ ಖುಷಿಯಾಯಿತು. ಯಾರು ಕೊಟ್ಟಿದ್ದು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಯೋಚಿಸಿದರೆ, ಆ ಖುಷಿಯಲ್ಲಿ ಸುಮ್ಮನಿದ್ದದ್ದೂ ಪೂರ್ತಿ ಮರೆವಲ್ಲ.

ಗೆಳತಿಯನ್ನು ಕರೆದವಳು ನಾನೇ. ಹನ್ನೊಂದರ ಹೊತ್ತಿಗೆ ಬಂದಳು. ಬೂದು ಬಣ್ಣದ ರೇಷ್ಮೆ ಸೀರೆ, ಕೈಯಲ್ಲಿ ಹಸಿರು ಖಣ, ಹಣ್ಣಿನ ಚೀಲ. ಪಡಸಾಲೆಯಲ್ಲಿ ಉಡಿ ತುಂಬುವುದು ನಡೆದಿತ್ತು. ಲಿಂಗಸುಗೂರಿನ ಬೀಗರು ಒಬ್ಬೊಬ್ಬರಾಗಿ ಎದ್ದು ಅಕ್ಕಿ, ಕೊಬ್ಬರಿ, ಖಣ ಹಾಕುತ್ತಿದ್ದರು. ಅವಳೂ ಮುಂದೆ ಹೋಗಿ ನಾದಿನಿಯ ಎದುರು ಬಗ್ಗಿದಳು.

ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅವ್ವಾ, ಏನೋ ಘಾಟು ಹೊಡ್ಯಾಕತ್ತೈತಿ. ವಾಕರಿಕಿ ಬರ್ತೈತಿ. ಇವ್ರನ್ನ ಒಂದೀಟು ಆ ಕಡೆ ಕುಂದ್ರಸ್ರಿ."

"ಬಸುರಿ ನೋಡವ್ವ, ತಡಕೊಳ್ಳಾಕ ಆಗಂಗಿಲ್ಲ," ಎಂದು ಅತ್ತೆ ಗೆಳತಿಗೆ ಮೆತ್ತಗೆ ಹೇಳಿದರು. "ನೀ ಅಲ್ಲಿಂದನ ಹರಸು. ಖಣ ಅಲ್ಲಿಡು, ಆಮ್ಯಾಲ ನಾವು ತಗೋತೀವಿ." ಆಮೇಲೆ ಪಕ್ಕದಲ್ಲಿದ್ದ ಬೀಗಿತ್ತಿಯ ಕಡೆ ತಿರುಗಿ, ದನಿ ಇಳಿಸಿದ ಹಾಗೆ ಮಾಡಿ ಎಲ್ಲರಿಗೂ ಕೇಳುವಂತೆ ಅಂದರು: "ಆ ಮಂದಿ ಹಂಗರೀ, ಜಾಸ್ತಿ ಬಳ್ಕೋತಾರ. ಮುಚ್ಚಬೇಕಲ್ಲ."

ಗೆಳತಿಯದೂ ಅದೇ ಸೀಸೆ. ಅದೇ ಎರಡು ಹನಿ. ಮೂಗು ಮುಚ್ಚಿದ ಆ ಕೈಯ ಮೇಲೆ ಅದೇ ಸೆಂಟು ಇತ್ತು, ಬೆಳಿಗ್ಗೆ ನಾನೇ ಹಚ್ಚಿದ್ದು.

ನಾನು ಹೋಳಿಗೆಯ ಬುಟ್ಟಿ ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಗೆಳತಿ ನನ್ನನ್ನು ನೋಡಿದಳು. ತರಗತಿಯಲ್ಲಿ ಉತ್ತರ ಬರುತ್ತಿದ್ದರೂ ಕೈ ಎತ್ತದೆ ಕೂತ ಮಕ್ಕಳನ್ನು ಅವಳು ಹಾಗೆ ನೋಡುತ್ತಿರಬೇಕು. ನಾನು ಏನು ಮಾಡಿದೆ? ಬುಟ್ಟಿ ಕೆಳಗಿಟ್ಟು, ನಗುನಗುತ್ತ ಹೋಗಿ, ಅವಳ ಮೊಣಕೈ ಹಿಡಿದು, "ಬಾ, ಹಿತ್ತಲದಾಗ ಗಾಳಿ ಚಲೋ ಐತಿ," ಎಂದೆ. ಅವರು ಬಾಯಲ್ಲಿ ಹೇಳಿದ್ದನ್ನು ನಾನು ಕೈಯಿಂದ ಮಾಡಿದೆ. ಎಷ್ಟು ನಯವಾಗಿ ಎಂದರೆ ಬೀಗರಿಗೆ ಮುಜುಗರವೇ ಆಗಲಿಲ್ಲ.

ಅವಳು ಹಿತ್ತಲಲ್ಲಿ ಕೂತು ಊಟ ಮಾಡಿದಳು. ಹೋಳಿಗೆ ಮೆತ್ತಗಿದೆ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಆಮೇಲೆ ಎಂಟು ದಿನ ನನ್ನ ಫೋನು ಎತ್ತಲಿಲ್ಲ.

ಒಂಬತ್ತನೆಯ ದಿನ ಮಸ್ಕಿಯ ಬಸ್ಸು ಹತ್ತಿದೆ. ಭಾನುವಾರ, ಅವಳು ಅಂಗಳದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಚಹಾ ಕೊಟ್ಟಳು. ನಾನು ಸಾರಿ ಎಂದೆ. ಅತ್ತೆಗೆ ವಯಸ್ಸಾಗಿದೆ ಎಂದೆ, ನಾದಿನಿ ಬಸುರಿ ಎಂದೆ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ನನಗ ಸಾರಿ ಅನ್ನಾಕ ಸಿಂಧನೂರಿಂದ ಬಸ್ ಹತ್ತಿ ಬಂದಿ. ಅವ್ರಿಗೆ ಒಂದು ಮಾತು ಅನ್ನಾಕ ಅಡಿಗಿಮನಿಯಿಂದ ಪಡಸಾಲಿಗೆ ಬರಾಕ ಆಗಲಿಲ್ಲೇನ ನಿನಗ?"

"ಎಲ್ಲಾರೂ ಕೂತಿದ್ರು…"

"ಹೌದಲ್ಲ. ನನ್ನ ಹೊರಗ ಕರಕೊಂಡ್ ಹೋದಾಗೂ ಎಲ್ಲಾರೂ ಕೂತಿದ್ರು." ಮತ್ತೆ ಪೆನ್ನು ತೆರೆದಳು. "ಅವ್ರು ಅನ್ನೋದು ನನಗ ಹೊಸದಲ್ಲ ಲೇ. ನೀ ನಗತಾ ಬಂದು ಕೈ ಹಿಡದಿ ನೋಡು, ಅದು ಹೊಸದು."

ವಾಪಸು ಬರುವಾಗ ಬಸ್ಸಿನ ಕಿಟಕಿಯ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಳಿದಾಗ ಅಂಗೈಯಲ್ಲಿ ತುಕ್ಕಿನ ಗೆರೆ ಮೂಡಿತ್ತು. ಸೀದಾ ಒಳಗೆ ಹೋದೆ. ಅತ್ತೆ ನಾದಿನಿಯ ತಲೆ ಬಾಚುತ್ತಿದ್ದರು.

"ಅತ್ತಿ, ಕುಬಸದ ದಿನ ನಾನು, ಈಕಿ, ನನ್ನ ಗೆಳತಿ, ಮೂರೂ ಮಂದಿ ಒಂದ ಸೀಸೆಯಿಂದ ಹಚ್ಚಿದ್ವಿ. ಆಕಿನ ನನಗ ಕೊಟ್ಟಿದ್ದು. ನೀವು ಬೆಣ್ಣಿ ಅಂದಿದ್ದು ಅದಕ್ಕ."

ಅತ್ತೆ ಬಾಚಣಿಗೆ ನಿಲ್ಲಿಸಲಿಲ್ಲ. ಸಿಟ್ಟೂ ಮಾಡಲಿಲ್ಲ. ಮಗುವಿಗೆ ತಿಳಿಹೇಳುವ ದನಿಯಲ್ಲಿ, "ಹಚ್ಚಿದ್ದು ಒಂದ ಇರಬಹುದವ್ವ. ಮೈ ಒಂದ ಏನು?" ಎಂದರು.

"ಆ ಮಾತು ಇನ್ನೊಮ್ಮೆ ಈ ಮನ್ಯಾಗ ಆಡಬ್ಯಾಡ್ರಿ."

ನನ್ನ ದನಿ ಓಣಿಗೆ ಕೇಳಿರಬೇಕು. ಎದುರು ಮನೆಯ ಕಿಟಕಿ ತೆರೆಯಿತು.

"ವೈನಿ, ನನಗ ಖರೇನ ವಾಕರಿಕಿ ಬಂದಿತ್ತು," ಎಂದಳು ನಾದಿನಿ.

"ನಿನ್ನ ಕೈ ನೀನ ಮೂಗಿಗೆ ಹಿಡಕೊಂಡಿದ್ದಿ. ಅದರಿಂದ ಬರಲಿಲ್ಲೇನು?"

ಅವಳು ಅಳತೊಡಗಿದಳು. "ಬಸುರಿ ಹೆಂಗಸನ್ನ ಅಳಿಸಿದಿ. ಹೊರಗಿನವರ ಸಲುವಾಗಿ," ಎಂದರು ಅತ್ತೆ. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಇಷ್ಟು ಸಣ್ಣ ಮಾತಿಗೆ ನನಗೆ ಒಂಬತ್ತು ದಿನ ಬೇಕಾಯಿತಲ್ಲ ಎಂಬುದೇ ಉರಿಯುತ್ತಿತ್ತು.

ಕೋಣೆಗೆ ಹೋಗಿ ಗೆಳತಿಗೆ ಫೋನು ಮಾಡಿದೆ. ಎತ್ತಿದಳು.

"ಹೇಳ್ದೆ," ಎಂದೆ.

"ಏನಂದ್ರು?"

ಸಿಹಿ ಬೆರೆಸಿ ಹೇಳುವುದು ನನ್ನ ರೂಢಿ. ಅಂದು ಬೆರೆಸಲಿಲ್ಲ. ಮೈಯ ಮಾತನ್ನೂ ಹೇಳಿದೆ.

"ಇನ್ನೆರಡು ತಿಂಗಳಿಗೆ ಕೂಸು ಬರತೈತಿ. ತೊಟ್ಟಿಲಿಗೆ ನನ್ನ ಕರೀತಿ?"

"ಕರೀತೀನಿ."

"ಕ್ವಾಣ್ಯಾಗ ಬಾಗಿಲ ಹಾಕ್ಕೊಂಡು ಕರ್ಯಾಕತ್ತಿ. ಇಲ್ಲಿಗೇ ಗೊತ್ತಾಗ್ತೈತಿ ನನಗ. ಅವ್ರ ಮುಂದ ಕುಂತು ಕರಿ, ಆಮ್ಯಾಲ ಬರೋದು ಬಿಡೋದು ನಾ ನೋಡ್ತೀನಿ."

ಫೋನು ಇಟ್ಟುಬಿಟ್ಟಳು. ನಾನು ಬಾಗಿಲು ತೆರೆದು ಪಡಸಾಲೆಗೆ ಹೋದೆ. ನಾದಿನಿ ಇನ್ನೂ ಬಿಕ್ಕುತ್ತಿದ್ದಳು, ಅತ್ತೆ ಜಡೆಯ ತುದಿಗೆ ದಾರ ಸುತ್ತುತ್ತಿದ್ದರು. ಇಬ್ಬರ ಎದುರಿನ ಕುರ್ಚಿಯಲ್ಲಿ ಕೂತು, ಅದೇ ನಂಬರನ್ನು ಮತ್ತೆ ಒತ್ತಿದೆ.